ನಾ ಹಂಪಿ ನೋಡೀನ್ರಿ

ಕಳೆದ ಡಿಸೆಂಬರ್ ಮೊದಲ ವಾರದ ಮಂಗಳವಾರ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ಸಂಡೂರು ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ಏಳನೇ ತರಗತಿಯ ಹುಡುಗಿಯೊಬ್ಬಳು ಶಾಲಾ ಪ್ರವಾಸಕ್ಕೆ ತಾನು ಬರುವುದಿಲ್ಲ ಎಂದು ಎದ್ದು ನಿಂತು ಹೇಳಿದಳು. ಪ್ರವಾಸ ಹಂಪಿಗೆ. ಅವಳು ಕೊಟ್ಟ ಕಾರಣ: "ನಾ ಹಂಪಿ ನೋಡೀನ್ರಿ. ಅಲ್ಲೇನೈತಿ, ಬರೇ ಕಲ್ಲು."

ನಡೆದದ್ದು ಇಷ್ಟೇ. ಯಾರು, ಎಲ್ಲಿ, ಯಾವಾಗ, ಏನು, ಯಾಕೆ ಎಂಬ ಐದು ಪ್ರಶ್ನೆಗೂ ಇದರಲ್ಲಿ ಉತ್ತರವಿದೆ. ಆದರೆ ಐದನೆಯ ಉತ್ತರ ಸುಳ್ಳು ಎಂದು ನನಗೆ ನಿಂತಲ್ಲೇ ಗೊತ್ತಾಯಿತು. ಅದಕ್ಕೆ ವರದಿಗಾರರ ಚುರುಕುತನವೇನೂ ಬೇಕಿರಲಿಲ್ಲ. ಆ ಮಾತು ನನ್ನದು. ಕಂಪ್ಲಿಯ ಶಾಲೆಯಲ್ಲಿ, ಐದನೇ ತರಗತಿಯಲ್ಲಿದ್ದಾಗ, ಇದೇ ಮಾತನ್ನು ಹೆಚ್ಚುಕಡಿಮೆ ಇದೇ ಪದಗಳಲ್ಲಿ ನಾನೂ ಎದ್ದು ನಿಂತು ಹೇಳಿದ್ದೆ. "ಬರೇ ಕಲ್ಲು" ಎನ್ನುವಾಗ ತುಟಿಯನ್ನು ಒಂದಿಷ್ಟು ಓರೆ ಮಾಡಬೇಕು. ಅವಳು ಅದನ್ನೂ ಮಾಡಿದಳು.

ಹುಡುಗಿಯನ್ನು ಹುಲಿಗೆಮ್ಮ ಎಂದು ಕರೆಯೋಣ. ಮಕ್ಕಳ ನಿಜವಾದ ಹೆಸರು ಬರೆಯಬಾರದು ಎನ್ನುವುದು ನಮ್ಮ ವೃತ್ತಿಯ ನಿಯಮ. ಶಾಲೆ ಚೋರನೂರಿನಿಂದ ಇನ್ನೂ ಒಳಗಿದೆ. ಹಳ್ಳಿಯ ಹೆಸರು ಬೇಡ. ಬಾವಿ, ಬೋರು ಇದ್ದವರು ಮೆಕ್ಕೆಜೋಳ ಹಾಕುತ್ತಾರೆ, ಇಲ್ಲದವರು ಶೇಂಗಾ ಹಾಕಿ ಆಕಾಶ ನೋಡುತ್ತಾರೆ, ಹೊಲವೇ ಇಲ್ಲದವರು ಇವರಿಬ್ಬರ ಹೊಲಕ್ಕೂ ಕೂಲಿಗೆ ಹೋಗುತ್ತಾರೆ. ಹುಲಿಗೆಮ್ಮನ ತಾಯಿ ಮೂರನೆಯ ಗುಂಪಿನವಳು. ತಂದೆ ಅದಿರು ಲಾರಿಯ ಕ್ಲೀನರ್, ಬಂದಾಗ ಬರುತ್ತಾನೆ.

ನಾನು ಅಲ್ಲಿಗೆ ಹೋದದ್ದು ಹಂಪಿಯ ತಜ್ಞೆಯಾಗಿ. ನಗಬೇಡಿ. ಹೊಸಪೇಟೆಯಲ್ಲಿ ಒಂದು ದಿನಪತ್ರಿಕೆಗೆ ಇಪ್ಪತ್ತಾರು ವರ್ಷದಿಂದ ವರದಿ ಮಾಡುತ್ತಿದ್ದೇನೆ. ಹಂಪಿಯ ಉತ್ಸವ, ಗುಡಿಯ ಆನೆಯ ಆರೋಗ್ಯ ತಪಾಸಣೆ, ವಿದೇಶಿ ಪ್ರವಾಸಿಯ ಪಾಸ್‌ಪೋರ್ಟನ್ನು ಕೋತಿ ಒಯ್ದು ಗೋಪುರ ಹತ್ತಿ ಕೂತದ್ದು, ಎಲ್ಲವೂ ನನ್ನ ಹೆಸರಿನಲ್ಲೇ ಅಚ್ಚಾಗಿವೆ. ಆ ಶಾಲೆಯ ಶಿಕ್ಷಕಿ ಶಿವಲೀಲಾ ಮೆಟ್ರಿಯವರು. ಸಂಡೂರಿನಲ್ಲಿ ಮನೆ ಮಾಡಿಕೊಂಡು ದಿನಾ ಬಸ್ಸಿನಲ್ಲಿ ಶಾಲೆಗೆ ಹೋಗುತ್ತಾರೆ. ಹೊಸಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಸೀಟಿಗೆ ಕರ್ಚೀಫು ಹಾಕುವ ಪೈಪೋಟಿಯಲ್ಲಿ ಪರಿಚಯವಾಗಿ, ಒಂದೇ ಸೀಟಿನಲ್ಲಿ ಕೂತು ಗೆಳತಿಯರಾದವರು ನಾವು. "ಪ್ರವಾಸಕ್ಕ ಮುಂಚೆ ಹುಡುಗ್ರಿಗೆ ನಾಕು ಮಾತು ಹೇಳ್ಬರ್ರಿ. ಇಲ್ಲಾಂದ್ರ ಅವು ಹಂಪ್ಯಾಗ ಐಸ್‌ಕ್ಯಾಂಡಿ ಅಷ್ಟ ನೋಡ್ಕಂಡ್ ಬರ್ತಾವ" ಎಂದು ಅವರೇ ಕರೆದಿದ್ದರು.

ನಾಲ್ಕು ಮಾತು ಹೇಳಿದೆ. ಆಮೇಲೆ, ಯಾರು ಯಾರು ಹಂಪಿ ನೋಡಿಲ್ಲ, ಕೈ ಎತ್ತಿ ಎಂದೆ. ಎಲ್ಲರೂ ಎತ್ತಿದರು, ಒಂದು ಕೈ ಬಿಟ್ಟು. ಎರಡನೇ ಸಾಲಿನಲ್ಲಿ ಎರಡು ಜಡೆಯ ಹುಡುಗಿ. ಅವಳ ನೀಲಿ ಯೂನಿಫಾರ್ಮು ಇಡೀ ತರಗತಿಯಲ್ಲೇ ಹೆಚ್ಚು ಸ್ವಚ್ಛವಾಗಿತ್ತು. ತಲೆದಿಂಬಿನ ಕೆಳಗೆ ಮಡಿಸಿಟ್ಟು ತೆಗೆದ ಬಟ್ಟೆಯ ಗೆರೆ ಅದರ ಮೇಲೆ ನೆಟ್ಟಗೆ ಕೂತಿತ್ತು. ನಾನು ಅದನ್ನು ನೋಡಿದೆ. ಸುದ್ದಿ ಅಲ್ಲೇ ಇದೆ ಎಂದು ತಿಳಿಯಲಿಲ್ಲ.

ಈಗ ಸ್ವಲ್ಪ ನನ್ನ ಒಂದು ಚಟದ ಬಗ್ಗೆ ಹೇಳಬೇಕು. ಯಾರಾದರೂ ಏನಾದರೂ ಮುಂದೆ ಹಿಡಿದರೆ, ಅದು ಏನೆಂದು ನೋಡುವ ಮೊದಲೇ ನನ್ನ ಬಾಯಿ "ಒಲ್ಲೆ" ಎನ್ನುತ್ತದೆ. ಚಹಾ ಇರಲಿ, ಮದುವೆಯ ಎರಡನೇ ಹೋಳಿಗೆ ಇರಲಿ, ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟಿರಲಿ. ಒಮ್ಮೆ ಸಂಪಾದಕರು ಫೋನ್ ಮಾಡಿ "ನಿಮಗೊಂದು ಬಡ್ತಿ..." ಎನ್ನುವಷ್ಟರಲ್ಲಿ ನಾನು ಒಲ್ಲೆ ಎಂದು ಮುಗಿಸಿದ್ದೆ. ಅದನ್ನು ಸರಿಪಡಿಸಲು ಮೂರು ಪತ್ರ ಬರೆಯಬೇಕಾಯಿತು. ಕಚೇರಿಯ ಹುಡುಗರು "ಮೇಡಂ ಮೊದ್ಲು ಒಲ್ಲೆ ಅಂತಾರ, ಆಮ್ಯಾಲೆ ಏನದು ಅಂತ ಕೇಳ್ತಾರ" ಎಂದು ನಗುತ್ತಾರೆ. ಅವರ ವರದಿ ನಿಖರವಾಗಿದೆ.

ಈ ಒಲ್ಲೆ ಹುಟ್ಟಿದ್ದು ಕಂಪ್ಲಿಯ ಒಂದು ಅಕ್ಕಿ ಗಿರಣಿಯ ಅಂಗಳದಲ್ಲಿ. ಅಪ್ಪ ಅಲ್ಲಿ ಹಮಾಲಿ. ಅವ್ವ ಕುದಿಸಿದ ಭತ್ತವನ್ನು ಅಂಗಳದಲ್ಲಿ ಹರವಿ, ಒಣಗುವ ತನಕ ಕಾಲಿನಿಂದ ಗೆರೆ ಎಳೆಯುತ್ತ ತಿರುವುವ ಕೆಲಸದವಳು. ರಜೆಯಲ್ಲಿ ನಾನೂ ತಿರುವುತ್ತಿದ್ದೆ. ಬಿಸಿ ಭತ್ತದ ಮೇಲೆ ಬರಿಗಾಲಲ್ಲಿ ನಡೆದವರ ಹಿಮ್ಮಡಿಗೆ ಆಮೇಲೆ ಯಾವ ನೆಲವೂ ಸುಡುವುದಿಲ್ಲ. ನಮ್ಮ ತಲೆಗೂದಲಲ್ಲಿ ಯಾವಾಗಲೂ ತೌಡಿನ ಧೂಳು. ಮೂರು ಸಲ ಸೀಗೆಪುಡಿ ಹಾಕಿ ತಿಕ್ಕಿದರೂ ತೌಡಿನದೇ ವಾಸನೆ. ಶಾಲೆಯಲ್ಲಿ ನನ್ನ ಹಿಂದೆ ಕೂರುತ್ತಿದ್ದ ಹುಡುಗಿ "ಲೇ ಶಾರದಿ, ನಿನ್ನ ತಲಿ ಮೂಸಿದ್ರ ನಮ್ಮ ಎಮ್ಮಿ ಹಿಂದ ಬರ್ತೈತಿ ನೋಡು" ಎನ್ನುತ್ತಿದ್ದಳು. ಅವರ ಎಮ್ಮೆ ಒಮ್ಮೆ ನಿಜವಾಗಿಯೂ ಬಂತು. ಅದು ಬೇರೆ ಕತೆ.

ಗಿರಣಿಯ ಯಜಮಾನರ ಮನೆಯಲ್ಲಿ ಹಬ್ಬಕ್ಕೆ ಕರೆಯುತ್ತಿದ್ದರು. ಹೋಗುವ ಮೊದಲು ಅವ್ವ ಹೆಚ್ಚೇನೂ ಹೇಳುತ್ತಿರಲಿಲ್ಲ. ನನ್ನ ಮತ್ತು ತಮ್ಮನ ಮುಖವನ್ನು ಸೆರಗಿನಿಂದ ಒರೆಸಿ, ಒಂದು ಸಲ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದಳು. ಕೇಳಬಾರದು, ಕೊಟ್ಟರೂ ಒಂದು ಸಲ ಬೇಡವೆನ್ನಬೇಕು, ಎರಡನೇ ಸಲ ಕೊಟ್ಟರೆ ಅರ್ಧ ತೆಗೆದುಕೊಳ್ಳಬೇಕು. ಅಷ್ಟೂ ಆ ಒಂದು ನೋಟದಲ್ಲಿ ಇತ್ತು. ನನಗೆ ಪೂರ್ತಿ ಅರ್ಥವಾಯಿತು. ತಮ್ಮ ಈರಣ್ಣನಿಗೆ ಒಂದಿಷ್ಟೂ ಆಗಲಿಲ್ಲ. ಒಂದೇ ಮನೆ, ಒಂದೇ ನುಚ್ಚಿನನ್ನ, ಒಂದೇ ನೋಟ. ನಾನು ಒಲ್ಲೆ ಎನ್ನುವುದನ್ನು ಕಲಿತೆ, ಅವನು ಇನ್ನೊಂದು ಎನ್ನುವುದನ್ನು ಕಲಿತ. ಕರೆಯದ ಮದುವೆಗೂ ಹೋಗಿ ಮೊದಲ ಪಂಕ್ತಿಯಲ್ಲೇ ಕೂತು ಉಂಡು ಬರುತ್ತಿದ್ದ. ಕೇಳಿದರೆ, "ನಾ ಗಂಡಿನ ಕಡ್ಯಾಂವ ಅಂತ ಹೆಣ್ಣಿನ ಕಡ್ಯಾರು, ಹೆಣ್ಣಿನ ಕಡ್ಯಾಂವ ಅಂತ ಗಂಡಿನ ಕಡ್ಯಾರು ತಿಳ್ಕಂತಾರ, ಯಾರೂ ಕೇಳಂಗಿಲ್ಲ" ಎನ್ನುತ್ತಿದ್ದ. ಊರವರು ನನ್ನನ್ನು ಶಾಣ್ಯಾ ಹುಡುಗಿ, ಅವನನ್ನು ಹೊಟ್ಟೆಬಾಕ ಎಂದರು. ಏಳನೇ ತರಗತಿಯ ಕೊನೆಗೆ ನನ್ನ ಪ್ರಮಾಣಪತ್ರದಲ್ಲಿ 'ನಡತೆ: ಅತ್ಯುತ್ತಮ' ಎಂದು ಬರೆದರು, ಅವನದರಲ್ಲಿ 'ಸಾಧಾರಣ'. ನಾವಿಬ್ಬರೂ ಮಾಡುತ್ತಿದ್ದುದು ಇಲ್ಲದ್ದನ್ನು ನಿಭಾಯಿಸುವ ಒಂದೇ ಕೆಲಸವೆಂದು ನನಗೆ ಹೊಳೆಯುವಷ್ಟರಲ್ಲಿ ಕೂದಲು ಬೆಳ್ಳಗಾಗಿತ್ತು. ಈರಣ್ಣ ಈಗ ಹೊಸಪೇಟೆಯಲ್ಲಿ ಟೈರ್ ಅಂಗಡಿ ಇಟ್ಟಿದ್ದಾನೆ. ಪಂಕ್ಚರ್ ಹಾಕಿಸಲು ಬಂದವರನ್ನೂ ಊಟ ಮಾಡಿಸದೆ ಕಳಿಸುವುದಿಲ್ಲ.

ಒಲ್ಲೆ ಎನ್ನುವುದರಲ್ಲಿ ಒಂದು ಅನುಕೂಲವಿದೆ. 'ಇಲ್ಲ' ಎಂದರೆ ಮನೆಯ ವಿಷಯ ಬೀದಿಗೆ ಬರುತ್ತದೆ. ಅಪ್ಪನ ಬೆನ್ನು, ಅವ್ವನ ಹಿಮ್ಮಡಿ ಎಲ್ಲ ಬರುತ್ತವೆ. 'ಒಲ್ಲೆ' ಎಂದರೆ ಅದು ನನ್ನೊಬ್ಬಳ ಇಷ್ಟ, ಯಾರೂ ಮುಂದೆ ಕೇಳುವುದಿಲ್ಲ. ಬಣ್ಣದ ಪೆನ್ಸಿಲ್ ಇಲ್ಲದಾಗ ನಾನು ಚಿತ್ರ ಬರೆಯಲು ಒಲ್ಲೆ ಎಂದೆ. ಬೂಟು ಇಲ್ಲದಾಗ ಕವಾಯತು ಒಲ್ಲೆ ಎಂದೆ. ಮೇಷ್ಟ್ರುಗಳು ನನ್ನನ್ನು ಗಂಭೀರ ಸ್ವಭಾವದವಳು ಎಂದುಕೊಂಡರು.

ಹಾಗೆಯೇ ಹಂಪಿಯನ್ನೂ ಒಲ್ಲೆ ಎಂದೆ. ಪ್ರವಾಸಕ್ಕೆ ಕೊಡಬೇಕಾದದ್ದು ಈಗ ನೆನೆದರೆ ನಗು ಬರುವಷ್ಟು ಕಡಿಮೆ. ಆಗ ನಗು ಬಂದಿರಲಿಲ್ಲ. ಬರೀ ಒಲ್ಲೆ ಎಂದಿದ್ದರೆ ಮುಗಿಯುತ್ತಿತ್ತು. ನಾನು "ನೋಡೀನಿ" ಎಂದೂ ಸೇರಿಸಿದೆ. ಸುಳ್ಳಿಗೆ ಒಂದು ಗೋಡೆ ಸಾಲುವುದಿಲ್ಲ, ನಾಲ್ಕೂ ಬೇಕು.

"ಯಾವಾಗ ನೋಡಿದ್ಯಲೇ?" ಎಂದರು ಪಕ್ಕದವರು.

"ನಮ್ಮ ಮಾವ ಹಂಪ್ಯಾಗ ಅದಾನ. ಹನ್ನೆರಡು ಸಲ ಹೋಗೀನಿ."

ನನಗೆ ಹಂಪಿಯಲ್ಲಿ ಯಾವ ಮಾವನೂ ಇರಲಿಲ್ಲ. ಆದರೆ ಮಧ್ಯಾಹ್ನದ ಹೊತ್ತಿಗೆ ನಾನು ತರಗತಿಯ ಮುಖ್ಯ ವ್ಯಕ್ತಿಯಾಗಿದ್ದೆ. ಹೋಗುವವರೆಲ್ಲ ನನ್ನ ಸುತ್ತ ಕೂತು, ಅಲ್ಲಿ ಏನೈತಿ, ಎಷ್ಟು ದೊಡ್ಡದೈತಿ ಎಂದು ಕೇಳತೊಡಗಿದರು. ಗಿರಣಿಯ ಗೋಡೆಯ ಕ್ಯಾಲೆಂಡರಿನಲ್ಲಿ ಕಲ್ಲಿನ ರಥದ ಚಿತ್ರ ಇತ್ತು. ನನಗೆ ಗೊತ್ತಿದ್ದ ಹಂಪಿ ಅಷ್ಟೇ. ಅದರ ಮೇಲೆ ಕಟ್ಟಿದೆ.

"ಕಲ್ಲಿನ ರಥದ ಗಾಲಿ ಅದಾವಲ್ಲ, ಅವು ತಿರುಗತಾವ. ನಾನ ತಿರುಗಿಸೀನಿ. ಒಂದ ಕೈಲೆ."

ಪ್ರವಾಸಕ್ಕೆ ಹೋದವರು ಗಿರಣಿಯ ಲಾರಿಯಲ್ಲಿ, ಖಾಲಿ ಗೋಣಿಚೀಲಗಳ ಮೇಲೆ ಕೂತು, ಹಾಡುತ್ತ ಹೋದರು. ನಾನು ಆ ದಿನ ಭತ್ತ ತಿರುವಿದೆ. ಮರುದಿನ ಅವರು ಬಂದದ್ದು ಹಾಡುತ್ತಲ್ಲ. ನಾಲ್ಕು ಜನ ಸೇರಿ ಗಾಲಿಗೆ ಕೈ ಹಾಕಿ ನೂಕಿದ್ದರಂತೆ, ಕಾವಲುಗಾರ ಕೋಲು ಹಿಡಿದು ಅಟ್ಟಿಸಿಕೊಂಡು ಬಂದನಂತೆ. "ಸುಳ್ಳಿ! ಸುಳ್ಳಿ ಶಾರದಿ! ಆ ಗಾಲಿ ಸಿಮಿಟು ಹಾಕಿ ಕೂಡಿಸ್ಯಾರಲೇ!" ಎಂದು ಆಟದ ಬಯಲಿನಲ್ಲಿ ನನ್ನ ಸುತ್ತ ತಿರುಗಿದರು. ಗಾಲಿ ತಿರುಗಲಿಲ್ಲ, ಅವರು ತಿರುಗಿದರು. ನಾನು ಅಳಲಿಲ್ಲ. ಅಳುವುದಕ್ಕೂ ಒಲ್ಲೆ ಎಂದಿರಬೇಕು.

ನಮ್ಮ ತರಗತಿಯ ರುದ್ರಮುನಿ ಮೇಷ್ಟ್ರು ಅದನ್ನೆಲ್ಲ ಕಿಟಕಿಯಿಂದ ನೋಡಿದರು. ಹೊರಗೆ ಬಂದು, "ಏ, ಗದ್ದಲ ಬ್ಯಾಡ. ಹಿಂದಕ್ಕ ತಿರುಗತಿದ್ವಂತ. ಸಿಮಿಟು ಆಮ್ಯಾಲೆ ಹಾಕ್ಯಾರ. ಶಾರದಿ ಹಿಂದಕ್ಕ ಹೋಗಿದ್ದಳಲ್ಲ" ಎಂದು ಹೇಳಿ ಒಳಗೆ ಹೋದರು. ಎಷ್ಟು ಹಿಂದಕ್ಕೆ ಎಂದು ಯಾರೂ ಲೆಕ್ಕ ಹಾಕಲಿಲ್ಲ. ಆ ಗಾಲಿಗಳು ಒಂದು ಕಾಲಕ್ಕೆ ತಿರುಗುತ್ತಿದ್ದವು ಎಂದು ಹೇಳುವವರು ಈಗಲೂ ಇದ್ದಾರೆ. ಇಪ್ಪತ್ತಾರು ವರ್ಷದಲ್ಲಿ ಕಲ್ಲಿನ ರಥದ ಬಗ್ಗೆ ಬರೆದ ಯಾವ ವರದಿಯಲ್ಲೂ ನಾನು ಆ ಸಾಲನ್ನು ಬಿಟ್ಟಿಲ್ಲ.

ಇಷ್ಟೆಲ್ಲ ನೆನಪಿದ್ದವಳು ಹುಲಿಗೆಮ್ಮನ ಜೊತೆ ಹೇಗೆ ನಡೆದುಕೊಳ್ಳಬೇಕಿತ್ತು? ನಾನು ಮಾಡಿದ್ದು ಇದು. ಪಾಠ ಬಿಟ್ಟ ಮೇಲೆ ಅವಳನ್ನು ನೀರಿನ ಟ್ಯಾಂಕಿನ ಬಳಿ ಕರೆದು, ದೊಡ್ಡವರ ಮೆತ್ತನೆಯ ದನಿ ತೆಗೆದು, "ಪ್ರವಾಸದ ದುಡ್ಡಿನ ಚಿಂತಿ ಮಾಡಬ್ಯಾಡವಾ, ನಾ ಕೊಡ್ತೀನಿ" ಎಂದೆ.

ಅವಳ ಮುಖ ಬಾಗಿಲು ಹಾಕಿದಂತೆ ಮುಚ್ಚಿಕೊಂಡಿತು.

"ಒಲ್ಲೆರೀ. ನಮ್ಮ ಮನ್ಯಾಗ ರೊಕ್ಕ ಐತಿ. ನಂಗ ಹೋಗಾಕ ಮನಸಿಲ್ಲ, ಅಷ್ಟ." ಎರಡು ಹೆಜ್ಜೆ ಹೋಗಿ ತಿರುಗಿ ನಿಂತು, ಸಾಲದು ಎನಿಸಿತೇನೋ, "ನಮ್ಮ ಅತ್ತಿ ಹಂಪ್ಯಾಗ ಅದಾಳ" ಎಂದು ಸೇರಿಸಿದಳು.

ಸ್ಟಾಫ್ ರೂಮಿನಲ್ಲಿ ಶಿವಲೀಲಾ ಅವರಿಗೆ ಹೇಳಿದಾಗ ಅವರು ಹಣೆ ಚಚ್ಚಿಕೊಂಡರು. "ಯಾಕ ಕೇಳಾಕ ಹೋದ್ರಿ? ನಾ ಆಗ್ಲೇ ಹೇಳೀನಿ, ನಿಂದು ಫೀಸು ಬ್ಯಾಡ, ಬಾರವಾ ಅಂತ. ಆದ್ರೂ ಒಲ್ಲೆ ಅಂತಾಳ. ನನಗ ತಿಳೀವಲ್ದು ನೋಡ್ರಿ. ಈ ವರ್ಷ ಬಿಟ್ರ ಆತು, ಏಳನೇತ್ತ ಮುಗೀತೈತಿ. ಹೈಸ್ಕೂಲು ದೂರ ಐತಿ; ಅವ್ವ ಕಳಸ್ತಾಳೋ, ಶೇಂಗಾ ಕೀಳಾಕ ಕರ್ಕಂಡು ಹೋಗ್ತಾಳೋ."

ಅಂದರೆ ದುಡ್ಡಲ್ಲ. ಹಾಗಾದರೆ ಏನು? ಕಚೇರಿಗೆ ಹೊಸದಾಗಿ ಬರುವವರಿಗೆ ನಾನೇ ಹೇಳುವ ಮಾತೊಂದಿದೆ: ಮನುಷ್ಯರು ಹೇಳದಿದ್ದರೆ ಕಾಗದ ನೋಡಿ. ಹಾಜರಿ ಪುಸ್ತಕ ಕೊಡಿ ಎಂದೆ. ಶಿವಲೀಲಾ ನಕ್ಕರು. ಆದರೂ ಕೊಟ್ಟರು.

ಹುಲಿಗೆಮ್ಮ ಶಾಲೆ ತಪ್ಪಿಸುವ ಹುಡುಗಿಯಲ್ಲ. ಜೂನ್‌ನಿಂದ ನೋಡಿದರೆ ಇಡೀ ಸಾಲು ತುಂಬಿತ್ತು. ತಿಂಗಳಿಗೆ ಒಂದೇ ಒಂದು ಗೈರು, ಜುಲೈನಲ್ಲಿ ಒಂದು, ಆಗಸ್ಟ್‌ನಲ್ಲಿ ಒಂದು, ಹೀಗೆ ನವೆಂಬರ್‌ವರೆಗೆ. ಬೆರಳಿಟ್ಟು ದಿನ ನೋಡಿದೆ. ಎಲ್ಲವೂ ತಿಂಗಳ ಮೊದಲ ಶನಿವಾರ.

"ಮೊದಲ ಶನಿವಾರ ಏನೈತಿ?" ಎಂದು ಕೇಳಿದೆ.

ಶಿವಲೀಲಾ ಪುಸ್ತಕವನ್ನು ತಮ್ಮ ಕಡೆ ತಿರುಗಿಸಿಕೊಂಡು ನೋಡಿದರು. ಆಮೇಲೆ, "ಕಲರ್ ಡ್ರೆಸ್" ಎಂದರು.

ಯೂನಿಫಾರ್ಮು ಬಿಟ್ಟು ಮನೆಯ ಬಣ್ಣದ ಬಟ್ಟೆ ಹಾಕಿಕೊಂಡು ಬರುವ ದಿನ. ಈ ವರ್ಷ ಶುರುವಾದದ್ದು. ಶುರು ಮಾಡಿದವರು ಶಿವಲೀಲಾ ಅವರೇ. "ಮಕ್ಕಳು ದಿನಾ ನೀಲಿ ಹಾಕ್ಕಂಡು ಬ್ಯಾಸರ ಮಾಡ್ಕಂತಾವ, ಒಂದಿನ ಖುಷಿಯಾಗಿರ್ಲಿ ಅಂತ ನಾನ ಮಾಡಿದ್ದು" ಎನ್ನುವಾಗ ಅವರ ದನಿ ಇಳಿದಿತ್ತು. "ಪ್ರವಾಸಕ್ಕೂ ಕಲರ್ ಡ್ರೆಸ್ ಅಂತ ಹೇಳೀನಿ."

ಆಗ ನನಗೆ ಆ ನೀಲಿ ಬಟ್ಟೆಯ ಮೇಲಿನ ಗೆರೆ ನೆನಪಾಯಿತು. ಶಾಲೆಗೂ ಅದೇ, ಊರಿನ ಮದುವೆಗೂ ಅದೇ, ಸಂತೆಗೂ ಅದೇ. ಮನೆಯಲ್ಲಿ ಹಾಕುವ ಇನ್ನೊಂದು ಇರಬಹುದು, ಶೇಂಗಾ ಹೊಲಕ್ಕೆ ಹೋಗುವ ಹರಕು. ಅದನ್ನು ತೊಟ್ಟು ಯಾರು ಹಂಪಿಗೆ ಹೋಗುತ್ತಾರೆ? ನನಗೂ ಹೀಗೇ ಇತ್ತು. ಶಾಲೆಗೆ ಹಾಕುವ ನನ್ನ ಖಾಕಿ ಲಂಗ ಹತ್ತಿರದ ಸಂಬಂಧಿಗಳ ಎಷ್ಟೋ ಮದುವೆ ನೋಡಿದೆ. ಕೇಳಿದವರಿಗೆ, "ಶಾಲಿಯಿಂದ ಹಂಗ ಬಂದೆ" ಎನ್ನುತ್ತಿದ್ದೆ. ಬೇಸಿಗೆ ರಜೆಯಲ್ಲೂ ಹಾಗೇ ಎನ್ನುತ್ತಿದ್ದೆ.

ಒಂದೇ ಮೂಲ ನಂಬಿ ಬರೆಯಬಾರದು. ಶನಿವಾರದ ತನಕ ಕಾಯೋಣ ಎಂದೆ. ಡಿಸೆಂಬರಿನ ಮೊದಲ ಶನಿವಾರ ಶಿವಲೀಲಾ ಫೋನ್ ಮಾಡಿದರು. "ಬಂದಿಲ್ರಿ" ಎಂದಷ್ಟೇ ಹೇಳಿದರು. ಹಿಂದೆಯೇ, "ಏನ್ ಮಾಡ್ಲಿ? ಒಂದು ಡ್ರೆಸ್ ತಂದು ಕೊಡ್ಲೇನ್ರಿ?" ಎಂದರು.

"ಒಲ್ಲೆ ಅಂತಾಳ" ಎಂದೆ. ಈ ವಿಷಯದಲ್ಲಿ ಮಾತ್ರ ನಾನು ನಿಜವಾದ ತಜ್ಞೆ.

ಆಗ ಅವರಿಗೆ ಗಾಲಿಯ ಗದ್ದಲವಾದ ಮುಂದಿನ ವರ್ಷ ರುದ್ರಮುನಿ ಮೇಷ್ಟ್ರು ಮಾಡಿದ್ದನ್ನು ಹೇಳಿದೆ. ನಾನು ಆರನೇ ತರಗತಿಯಲ್ಲಿದ್ದೆ. ಮತ್ತೆ ಹಂಪಿ ಪ್ರವಾಸ, ಈ ಸಲ ನಾಲ್ಕು, ಐದನೇ ತರಗತಿಯ ಸಣ್ಣ ಮಕ್ಕಳಿಗೆ. ಮೇಷ್ಟ್ರು ನಮ್ಮ ತರಗತಿಗೆ ಬಂದು, ಕೋಲಿನಿಂದ ನನ್ನ ಕಡೆ ತೋರಿಸಿ, "ಏಳಲೇ ಶಾರದಿ. ಹನ್ನೆರಡು ಸಲ ನೋಡೀಯಲ್ಲ, ಹಾದಿ ತೋರಸಾಕ ನೀ ಬೇಕು. ನಾಳಿಗೆ ಆರು ಗಂಟೆಕ್ಕ ಗಿರಣಿ ಮುಂದ ಬಂದು ನಿಂದ್ರು" ಎಂದರು. ನಾನು ಒಲ್ಲೆ ಎನ್ನಲು ಬಾಯಿ ತೆರೆದೆ. "ಕೇಳಾಕ ಹತ್ತಿಲ್ಲ, ಹೇಳಾಕ ಹತ್ತೀನಿ" ಎಂದು ಹೊರಟೇಹೋದರು. ದುಡ್ಡಿನ ಮಾತೇ ಬರಲಿಲ್ಲ. ಹಾದಿ ತೋರಿಸುವವರಿಂದ ಯಾರು ದುಡ್ಡು ತೆಗೆದುಕೊಳ್ಳುತ್ತಾರೆ?

ಖಾಕಿ ಲಂಗ ತೊಟ್ಟು, ಎಂದೂ ನೋಡದ ಊರಿಗೆ ಹಾದಿ ತೋರಿಸಲು ಲಾರಿ ಹತ್ತಿದೆ. ಹಂಪಿಯಲ್ಲಿ ಇಳಿದ ಕೂಡಲೇ ಎಲ್ಲ ಮಕ್ಕಳೂ ನನ್ನ ಮುಖ ನೋಡಿದವು. ನಾನು ಧೈರ್ಯವಾಗಿ ಎಡಕ್ಕೆ ಹೊರಟೆ. ಎಲ್ಲರೂ ಹಿಂದೆ ಬಂದರು, ಮೇಷ್ಟ್ರೂ ಬಂದರು. ಸುಮಾರು ದೂರ ನಡೆದ ಮೇಲೆ ಬಂದದ್ದು ಯಾರದೋ ಬಾಳೆತೋಟ. ತೋಟದವನು ಕೆಲಸ ನಿಲ್ಲಿಸಿ ನಮ್ಮನ್ನೇ ನೋಡಿದ. ರುದ್ರಮುನಿ ಮೇಷ್ಟ್ರು ರುಮಾಲು ತೆಗೆದು ಬೆವರು ಒರೆಸಿಕೊಂಡು, "ಬಾಳಿ ಗಿಡ ನೋಡ್ರಿ ಮಕ್ಕಳ, ಗೊನಿ ಹೆಂಗ ಹಾಕೇತಿ. ಇನ್ನ ಶಾರದಿ ಗುಡಿ ಹಾದಿ ತೋರಸ್ತಾಳ, ಬರ್ರಿ" ಎಂದು ಬಂದ ಹಾದಿಗೇ ತಿರುಗಿಸಿದರು. ಆ ದಿನ ಅವರು ಪ್ರತಿ ತಿರುವಿಗೂ ನನಗಿಂತ ಅರ್ಧ ಹೆಜ್ಜೆ ಮುಂದೆ ನಡೆದು, ಯಾವ ಕಡೆ ಹೋಗಬೇಕೋ ಆ ಕಡೆಗೆ ಸುಮ್ಮನೆ ಕೆಮ್ಮುತ್ತಿದ್ದರು. ನಾನು ಕೆಮ್ಮಿದ ಕಡೆ ಕೈ ತೋರಿಸುತ್ತಿದ್ದೆ. ಅವರಿಗೆ ಎಲ್ಲ ಗೊತ್ತಿತ್ತು. ಗೊತ್ತಿದೆ ಎಂದು ಕೊನೆಯವರೆಗೂ ಹೇಳಲಿಲ್ಲ.

ಶಿವಲೀಲಾ ಫೋನಿನಲ್ಲಿ ಬಹಳ ಹೊತ್ತು ನಕ್ಕರು. ಆಮೇಲೆ ಮೂಗು ಎಳೆದುಕೊಂಡ ಸದ್ದು ಕೇಳಿಸಿತು. ಸೋಮವಾರ ಪ್ರಾರ್ಥನೆ ಮುಗಿದ ಮೇಲೆ ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಕೊಡುತ್ತೇನೆ: "ಎಲ್ಲಾರೂ ಕೇಳ್ರಿ. ಪ್ರವಾಸಕ್ಕ ಯೂನಿಫಾರ್ಮು ಹಾಕ್ಕಂಡು ಬರಬೇಕು. ಹಂಪ್ಯಾಗ ಎಷ್ಟ ಶಾಲಿಯೋರು ಬಂದಿರ್ತಾರ, ಒಬ್ರು ಕಳದ್ರ ನಾ ಹೆಂಗ ಹುಡುಕ್ಲಿ? ಕಲರ್ ಡ್ರೆಸ್ ಹಾಕ್ಕಂಡು ಬಂದೋರನ್ನ ಬಸ್ ಹತ್ತಸಂಗಿಲ್ಲ."

ಗದ್ದಲವೆದ್ದಿತು. "ಮಿಸ್, ಫೋಟೋದಾಗ ಚಲೋ ಬರಂಗಿಲ್ರೀ!" "ಮಿಸ್, ನಮ್ಮಪ್ಪ ಹೊಸಾದು ತಂದಾನ್ರೀ!" ಒಬ್ಬಳು ನಿಜವಾಗಿಯೂ ಅತ್ತಳು. ಶಿವಲೀಲಾ ಬಗ್ಗಲಿಲ್ಲ. ಗದ್ದಲದ ನಡುವೆಯೇ, ಹಾಜರಿ ಪುಸ್ತಕದಿಂದ ತಲೆ ಎತ್ತದೆ, "ಹುಲಿಗೆಮ್ಮ, ನೀ ಹಂಪಿ ನೋಡೀಯಲ್ಲ? ಸಾಲಿನ ಮುಂದ ಒಬ್ರು ನೋಡಿದೋರು ಬೇಕು. ನೀ ಮುಂದ ನಿಂದ್ರು" ಎಂದರು. ಹುಲಿಗೆಮ್ಮ ಒಲ್ಲೆ ಎನ್ನಲಿಲ್ಲ.

ಡಿಸೆಂಬರ್ ಕೊನೆಯ ವಾರದ ಗುರುವಾರ ನಾನು ಹೊಸಪೇಟೆಯಿಂದ ಆಟೋ ಹಿಡಿದು ಹಂಪಿಗೆ ಹೋಗಿ, ಗುಡಿಯ ಮುಂದೆ ಕಾದು ನಿಂತೆ. ಆಟೋದವನು ಕೊಟ್ಟ ಮಂಡಕ್ಕಿಗೆ ಒಲ್ಲೆ ಎಂದು, ಅವನು ತಿನ್ನುವುದನ್ನೇ ನೋಡುತ್ತಿದ್ದೆ. ಸಂಡೂರಿನ ಹಾದಿಯ ಕೆಂಪು ಧೂಳು ಮೆತ್ತಿದ ಬಸ್ಸು ಬಂತು. ನೀಲಿ ಸಾಲು ಇಳಿಯಿತು. ಮೊದಲು ಇಳಿದವಳು ಹುಲಿಗೆಮ್ಮ.

ಅವಳು ಇಳಿದು ನಿಂತು, ತಲೆ ಎತ್ತಿ ಗೋಪುರ ನೋಡಿದಳು. ಹಿಂದಿನವರು "ಸರಿಯಲೇ ಹುಲಿಗಿ, ಹಾದಿ ಬಿಡು" ಎಂದು ನೂಕುವವರೆಗೂ ನೋಡುತ್ತಲೇ ಇದ್ದಳು. ಗುಡಿಯೊಳಗೆ ಕಿಂಡಿಯಿಂದ ಬಂದ ಬೆಳಕಿನಲ್ಲಿ ಗೋಪುರದ ನೆರಳು ಗೋಡೆಯ ಮೇಲೆ ತಲೆಕೆಳಗಾಗಿ ಬೀಳುವುದನ್ನು ತೋರಿಸಿದಾಗ, ಉಳಿದವರು ಕತ್ತು ತಿರುಗಿಸಿ ನೋಡಿದರು, ಇವಳು ಸೊಂಟ ಬಗ್ಗಿಸಿ ತಲೆಯನ್ನೇ ಕೆಳಗೆ ಮಾಡಿ ನೋಡಿದಳು. ಕಲ್ಲಿನ ರಥದ ಬಳಿ ಈಗ ಹಗ್ಗ ಕಟ್ಟಿದ್ದಾರೆ, ಮುಟ್ಟುವ ಹಾಗಿಲ್ಲ. ಹಗ್ಗಕ್ಕೆ ಎದೆ ಒತ್ತಿ ನಿಂತು ನೋಡಿದವಳು ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದಳು, "ಮೇಡಂ, ಇದು ಒಂದ ಕಲ್ಲಿಂದೇನ್ರಿ?"

"ಅಲ್ಲವಾ. ಭಾಳ ಕಲ್ಲು ಕೂಡಿಸ್ಯಾರ. ಸಂದಿ ಕಾಣದಂಗ ಕೂಡಿಸ್ಯಾರ."

"ಹೋದ ಸಲ ಬಂದಾಗ ಕೇಳಾದು ಮರ್ತಿದ್ದೆ" ಎಂದಳು.

ನಾನು ಕೆಮ್ಮಿದೆ ಅಷ್ಟೇ.

ಮಧ್ಯಾಹ್ನ ಒಂದು ಮರದ ಕೆಳಗೆ ಚಿತ್ರಾನ್ನ ಹಂಚಿದರು. ಊಟದ ಹೊತ್ತಿಗೆ ಕತೆ ಹೇಳ್ರಿ ಎಂದು ಮಕ್ಕಳು ಗಂಟು ಬಿದ್ದವು. ರಾಜರ ಕತೆ ಹೇಳಬೇಕೆಂದಿದ್ದೆ. ಬಾಯಿಗೆ ಬಂದದ್ದು ಸುಳ್ಳಿ ಶಾರದಿಯ ಕತೆ. ಇಲ್ಲದ ಮಾವ, ಒಂದೇ ಕೈಲಿ ತಿರುಗಿಸಿದ ಗಾಲಿ, ಖಾಕಿ ಲಂಗ, ಬಾಳೆತೋಟ, ಎಲ್ಲ ಹೇಳಿದೆ. ಅವಳು ಬೇರೆ ಯಾರೋ ಎಂದು ಹೇಳಲು ಶುರು ಮಾಡಿ, ನಡುವೆ 'ನಾನು' ಎಂದೆ. ಮಕ್ಕಳು ಉರುಳಾಡಿ ನಕ್ಕವು. "ಮೇಡಂ ಸುಳ್ಳಿ! ಮೇಡಂ ಸುಳ್ಳಿ!" ಎಂದು ಒಬ್ಬ ಶುರು ಮಾಡಿದ, ಶಿವಲೀಲಾ ಕಣ್ಣು ಬಿಟ್ಟರೂ ನಿಲ್ಲಲಿಲ್ಲ. ಹುಲಿಗೆಮ್ಮ ಎಲ್ಲರಿಗಿಂತ ಕೊನೆಗೆ ನಕ್ಕಳು.

ಬಸ್ಸು ಹತ್ತುವ ಮೊದಲು ಅವಳು ನನ್ನ ಪಕ್ಕ ಬಂದು ನಡೆದಳು.

"ಆಮ್ಯಾಲೆ ಹೇಳಿದ್ರೇನ್ರಿ ಮೇಡಂ? ನೋಡಿರ್ಲಿಲ್ಲ ಅಂತ?"

"ಇಲ್ಲ. ಇವತ್ತ ಹೇಳಿದ್ದು."

"ಇಷ್ಟು ವರ್ಷ ಆದಮ್ಯಾಲೆ?"

"ಹ್ಞೂಂ."

ಅವಳು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, "ಭಾಳ ತಡ ಆತಲ್ರೀ" ಎಂದಳು. ಆಮೇಲೆ ಓಡಿ ಹೋಗಿ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಹಿಡಿದಳು.

ಜನವರಿಯಲ್ಲಿ ಕಲರ್ ಡ್ರೆಸ್ ದಿನವನ್ನೇ ನಿಲ್ಲಿಸಬೇಕೇ ಎಂದು ಶಿವಲೀಲಾ ನನ್ನನ್ನು ಕೇಳಿದ್ದರು. ಉಳಿದ ಮಕ್ಕಳು ಆ ಶನಿವಾರಕ್ಕೆ ಕಾಯುತ್ತಿದ್ದವು. ಕೊನೆಗೆ ಶಿವಲೀಲಾ ಅವರೇ ಯೋಚಿಸಿ, ಇಷ್ಟವಿದ್ದವರು ಹಾಕಿಕೊಂಡು ಬರಲಿ ಎಂದು ಮಾಡಿದರು. ಆ ಬಳಿಕ ನಡೆದದ್ದನ್ನು ಅವರು ಫೋನಿನಲ್ಲಿ ತಿಳಿಸಿದ್ದಾರೆ.

ಜನವರಿಯ ಮೊದಲ ಶನಿವಾರ ಹುಲಿಗೆಮ್ಮ ಶಾಲೆಗೆ ಬಂದಿದ್ದಳು. ಯೂನಿಫಾರ್ಮು ಹಾಕಿದ್ದಳು. ತರಗತಿಯಲ್ಲಿ ನೀಲಿ ಬಟ್ಟೆ ಅವಳದೊಂದೇ. ಪಕ್ಕದ ಹುಡುಗಿ "ಕಲರ್ ಡ್ರೆಸ್ ಯಾಕ ಹಾಕ್ಕಂಡಿಲ್ಲಲೇ?" ಎಂದು ಕೇಳಿದಳು. "ನನ್ನ ಹತ್ರ ಇಲ್ಲ" ಎಂದು ಹೇಳಿ ಹುಲಿಗೆಮ್ಮ ಎರಡನೇ ಸಾಲಿನಲ್ಲಿ ತನ್ನ ಜಾಗದಲ್ಲಿ ಕೂತಳು.